ಉಪವಾಸ ಮಾಡಿದರೆ ಮೇದೋಜೀರಕ ಹೊಸದಾಗುತ್ತದೆಯೇ?

ಪ್ರಶ್ನೆ: ನಮ್ಮ ಅಪ್ಪನಿಗೆ ಶುಗರ್ ಬಂದು ಏಳೆಂಟು ವರ್ಷ ಆಯ್ತು. ಎರಡು ಹೊತ್ತೂ ಮಾತ್ರೆ ತಗೋತಾರೆ. ಈಚೆಗೆ ಯಾರೋ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ್ದಾರೆ. ಹದಿನಾರು ತಾಸು ಉಪವಾಸ ಇದ್ದರೆ ಜೀವಕೋಶಗಳು ಒಳಗಿನ ಕಸವನ್ನು ತಾವೇ ತಿಂದು ಸ್ವಚ್ಛ ಆಗ್ತಾವಂತೆ, ಮೇದೋಜೀರಕ ಹೊಸದಾಗ್ತದಂತೆ, ಇದನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಗೆ ನೊಬೆಲ್ ಕೊಟ್ಟಾರಂತೆ. ಅದನ್ನು ನೋಡಿದಾಗಿನಿಂದ ಅಪ್ಪ, ಶ್ರಾವಣ ಪೂರ್ತಿ ಒಪ್ಪತ್ತು ಮಾಡಿ ಮಾತ್ರೆ ಬಿಟ್ಟೇ ಬಿಡ್ತೀನಿ ಅಂತ ಹಟ ಹಿಡಿದಾರೆ. ಇದರಲ್ಲಿ ನಿಜ ಎಷ್ಟು?
— ಓದುಗರು, ತಳಕಲ್, ಕೊಪ್ಪಳ ಜಿಲ್ಲೆ

ಉತ್ತರ: ಶ್ರಾವಣಕ್ಕೆ ಮುಂಚೆ ಈ ಸಂಚಿಕೆ ನಿಮ್ಮ ಕೈ ಸೇರಲಿ ಎಂಬ ಆಸೆಯಿಂದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ವಿಡಿಯೊ ನಂಬಿ ಮಾತ್ರೆ ಬಿಡುವುದು ಬೇಡ. ಹಾಗೆಂದು ಅದು ಗಾಳಿಯಲ್ಲಿ ಹುಟ್ಟಿದ ಕಥೆಯೂ ಅಲ್ಲ. ಜೀವಕೋಶ ತನ್ನ ಕಸವನ್ನು ತಾನೇ ಅರಗಿಸಿಕೊಳ್ಳುವುದು ನಿಜ. ಆ ಕೆಲಸ ಕೆಟ್ಟರೆ ಇನ್ಸುಲಿನ್ ಮಾಡುವ ಕೋಶಗಳು ಸೊರಗುತ್ತವೆ ಎಂಬುದು ಪ್ರಯೋಗಗಳಲ್ಲಿ ಕಂಡ ಮಾತು. ಜಪಾನಿನ ವಿಜ್ಞಾನಿಗೆ ನೊಬೆಲ್ ಬಂದದ್ದೂ ಹೌದು. ಈ ಮೂರು ನಿಜಗಳ ಪಕ್ಕದಲ್ಲಿ ‘ಆದ್ದರಿಂದ ಉಪವಾಸ ಮಾಡಿ, ಮಾತ್ರೆ ಎಸೆಯಿರಿ’ ಎಂಬ ನಾಲ್ಕನೆಯ ಮಾತನ್ನು ಮೆಲ್ಲಗೆ ತಂದು ಕೂರಿಸಿದ್ದಾರೆ. ಆಧಾರವಿಲ್ಲದ್ದು ಅದೊಂದೇ. ಹಸಿ ಸುಳ್ಳನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಬಹುದು; ಮುಕ್ಕಾಲು ನಿಜವನ್ನು ಬಿಡಿಸಲು ಸಮಯ ಹಿಡಿಯುತ್ತದೆ. ಹಾಗಾಗಿ ಉತ್ತರ ಉದ್ದವಾಗಿದೆ, ಬೇಸರಿಸಬೇಡಿ.

ಮೇದೋಜೀರಕ ಗ್ರಂಥಿ ಜಠರದ ಹಿಂದೆ ಅಡ್ಡಲಾಗಿ ಮಲಗಿರುವ, ನೂರು ಗ್ರಾಂ ಆಸುಪಾಸಿನ ಅಂಗ. ಅದರ ಬಹುಭಾಗದ ಕೆಲಸ ನಾವು ಉಂಡದ್ದನ್ನು ಅರಗಿಸುವ ರಸ ತಯಾರಿಸುವುದು. ಇನ್ಸುಲಿನ್ ಬರುವುದು ಆ ಭಾಗದಿಂದಲ್ಲ. 1869ರಲ್ಲಿ ಬರ್ಲಿನ್‌ನ ವೈದ್ಯಕೀಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಸೂಕ್ಷ್ಮದರ್ಶಕದಲ್ಲಿ ಈ ಗ್ರಂಥಿಯನ್ನು ನೋಡುವಾಗ ನಡುನಡುವೆ ಬೇರೆ ಬಗೆಯ ಕೋಶಗಳ ಪುಟ್ಟ ಗುಂಪುಗಳು ಕಂಡವು. ಅವು ಏನು ಮಾಡುತ್ತವೆ ಎಂಬುದು ಅವನಿಗೆ ತಿಳಿಯಲಿಲ್ಲ. ಇಂದು ಅವಕ್ಕೆ ಅವನದೇ ಹೆಸರು: ಲ್ಯಾಂಗರ್‌ಹಾನ್ಸ್ ಕಿರುದ್ವೀಪಗಳು. ಒಬ್ಬ ಮನುಷ್ಯನಲ್ಲಿ ಹತ್ತು ಲಕ್ಷದಷ್ಟಿರುವ ಇವುಗಳನ್ನೆಲ್ಲ ಒಟ್ಟು ಮಾಡಿದರೂ ತೂಕ ಒಂದೆರಡು ಗ್ರಾಂ ಮಾತ್ರ. ಅವುಗಳೊಳಗಿನ ಬೀಟಾ ಕೋಶಗಳೇ ಇಡೀ ಮೈಯ ಸಕ್ಕರೆ ಲೆಕ್ಕ ನೋಡಿಕೊಳ್ಳುವವು.

ಈ ಬೀಟಾ ಕೋಶದ ದುಡಿಮೆ ಸಾಮಾನ್ಯದ್ದಲ್ಲ. ಊಟವಾಗಿ ರಕ್ತದಲ್ಲಿ ಸಕ್ಕರೆ ಏರಿದಾಗ ಒಂದೊಂದು ಕೋಶವೂ ನಿಮಿಷಕ್ಕೆ ಹತ್ತು ಲಕ್ಷದಷ್ಟು ಇನ್ಸುಲಿನ್ ಪೂರ್ವಾಣುಗಳನ್ನು ಹೆಣೆಯಬಲ್ಲದು ಎಂಬುದು ಅಂದಾಜು. ಹೆಣೆದ ಅಣುವನ್ನು ಸರಿಯಾಗಿ ಮಡಚಬೇಕು, ಕತ್ತರಿಸಿ 51 ಅಮೈನೊ ಆಮ್ಲಗಳ ಇನ್ಸುಲಿನ್ ಮಾಡಬೇಕು, ಪುಟ್ಟ ಚೀಲಗಳಲ್ಲಿ ತುಂಬಿಡಬೇಕು. ಒಂದು ಕೋಶದಲ್ಲಿ ಅಂಥ ಹತ್ತು ಸಾವಿರ ಚೀಲಗಳು ಸದಾ ಸಿದ್ಧವಾಗಿರುತ್ತವೆ. ಇಷ್ಟು ಭರದ ಕೆಲಸದಲ್ಲಿ ಮಡಿಕೆ ತಪ್ಪಿದ ಅಣುಗಳು ಉಳಿಯುತ್ತವೆ, ಬಳಸದ ಚೀಲಗಳು ಹಳತಾಗುತ್ತವೆ, ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳು ದಣಿದು ಒಡೆಯುತ್ತವೆ. ಒಡೆದ ಮೈಟೋಕಾಂಡ್ರಿಯ ಸುಮ್ಮನೆ ಬಿದ್ದಿರುವುದಿಲ್ಲ, ಸುತ್ತಲಿನದ್ದನ್ನೆಲ್ಲ ಸುಡುವ ರಾಸಾಯನಿಕಗಳನ್ನು ಕಾರುತ್ತದೆ.

ಚರ್ಮದ ಕೋಶವೋ ಕರುಳಿನ ಒಳಪದರದ ಕೋಶವೋ ಆಗಿದ್ದರೆ ಈ ಕಸ ದೊಡ್ಡ ಸಮಸ್ಯೆಯಾಗುತ್ತಿರಲಿಲ್ಲ. ಅವು ಕೆಲ ದಿನ, ಕೆಲ ವಾರ ಬದುಕಿ ಉದುರುತ್ತವೆ, ಜಾಗಕ್ಕೆ ಹೊಸವು ಬರುತ್ತವೆ. ಬೀಟಾ ಕೋಶಕ್ಕೆ ಆ ಸೌಕರ್ಯವಿಲ್ಲ. ಬೆಲ್ಜಿಯಂನ ಸಂಶೋಧಕರು 2010ರಲ್ಲಿ ಒಂದು ಜಾಣ ಲೆಕ್ಕ ಹಾಕಿದರು. ಕೋಶ ಎಷ್ಟೇ ಅರಗಿಸಿದರೂ ಕರಗದೆ ಉಳಿಯುವ ಲಿಪೊಫುಸಿನ್ ಎಂಬ ಕಂದು ಪದಾರ್ಥವೊಂದಿದೆ. ಕೋಶಕ್ಕೆ ವಯಸ್ಸಾದಂತೆ ಅದು ಕೂಡುತ್ತಾ ಹೋಗುತ್ತದೆ. ಅದನ್ನು ಅಳೆದು ನೋಡಿದಾಗ, ಇಪ್ಪತ್ತರ ವಯಸ್ಸಿನ ಹೊತ್ತಿಗೆ ನಮ್ಮಲ್ಲಿರುವ ಬೀಟಾ ಕೋಶಗಳೇ ಹೆಚ್ಚುಕಡಿಮೆ ಕೊನೆಯವರೆಗೂ ನಡೆಸಿಕೊಂಡು ಹೋಗುತ್ತವೆ ಎಂದು ತಿಳಿಯಿತು. ನಿಮ್ಮ ತಂದೆಯವರ ಮೇದೋಜೀರಕದಲ್ಲಿ ಇವತ್ತು ದುಡಿಯುತ್ತಿರುವ ಬೀಟಾ ಕೋಶಗಳಲ್ಲಿ ಬಹುಪಾಲು ಅವರ ಹರೆಯದ ಕಾಲದಲ್ಲೇ ಇದ್ದವು. ಬದಲಿ ಆಳು ಇಲ್ಲದವನು ಇದ್ದಲ್ಲೇ ದುರಸ್ತಿ ಮಾಡಿಕೊಳ್ಳಬೇಕಷ್ಟೆ.

ಆ ದುರಸ್ತಿಯ ಹೆಸರು ಆಟೋಫೇಜಿ. ಕನ್ನಡದ ವಿಜ್ಞಾನ ಬರಹಗಾರರು ಸ್ವಭಕ್ಷಣೆ ಎಂದು ಬರೆಯುತ್ತಾರೆ. ಅದು ನಡೆಯುವ ಬಗೆ ಹೀಗೆ. ಕೋಶದೊಳಗೆ, ಕಸ ಬಿದ್ದ ಜಾಗದ ಬಳಿ, ಒಂದು ತೆಳು ಪೊರೆ ಚಿಗುರುತ್ತದೆ. ಬಾಗಿ ಬಾಗಿ ಕಸವನ್ನು ಸುತ್ತುವರಿದು, ಎರಡು ಪದರದ ಮುಚ್ಚಿದ ಚೀಲವಾಗುತ್ತದೆ. ಚೀಲ ಹೋಗಿ ಲೈಸೋಸೋಮ್ ಎಂಬ ಆಮ್ಲ ತುಂಬಿದ ಕೋಶಾಂಗಕ್ಕೆ ಕೂಡಿಕೊಳ್ಳುತ್ತದೆ. ಅಲ್ಲಿ ಅರವತ್ತರಷ್ಟು ಬಗೆಯ ಕಿಣ್ವಗಳು ಕಾದಿರುತ್ತವೆ. ಪ್ರೋಟೀನು, ಕೊಬ್ಬು, ಪೊರೆ ಏನೇ ಬಂದರೂ ತುಂಡು ಮಾಡುತ್ತವೆ. ಹಾಗೆ ಬಿಡಿಯಾದ ಅಮೈನೊ ಆಮ್ಲ, ಕೊಬ್ಬಿನಾಮ್ಲಗಳನ್ನು ಕೋಶ ಮತ್ತೆ ಕಟ್ಟಡಕ್ಕೋ ಇಂಧನಕ್ಕೋ ಬಳಸಿಕೊಳ್ಳುತ್ತದೆ. ನಿಮ್ಮೂರ ಕಡೆ ಕೊಟ್ಟಿಗೆಯ ಕಸ ತಿಪ್ಪೆ ಸೇರಿ, ಕೊಳೆತು, ಗೊಬ್ಬರವಾಗಿ ಮತ್ತೆ ಹೊಲಕ್ಕೇ ಹೋಗುತ್ತದಲ್ಲ, ಹಾಗೆಯೇ. ತಿಪ್ಪೆಯಿಲ್ಲದ ಒಕ್ಕಲುತನ ಹೇಗೆ ನಡೆಯದೋ ಲೈಸೋಸೋಮ್ ಇಲ್ಲದ ಬೀಟಾ ಕೋಶವೂ ನಡೆಯದು. ಬೀಟಾ ಕೋಶದಲ್ಲಿ ಇದಕ್ಕೊಂದು ಒಳದಾರಿಯೂ ಉಂಟು: ಹಳತಾದ ಇನ್ಸುಲಿನ್ ಚೀಲಗಳು ಸುತ್ತುಪೊರೆಯ ಹಂಗಿಲ್ಲದೆ ನೇರವಾಗಿ ಲೈಸೋಸೋಮ್ ಸೇರಿಬಿಡುತ್ತವೆ.

ಲೈಸೋಸೋಮ್ ಪತ್ತೆಯಾದ ಕಥೆಗೂ ಸಕ್ಕರೆ ಕಾಯಿಲೆಗೂ ನೇರ ನಂಟಿದೆ. ವಿಡಿಯೊದವರಿಗೆ ಇದು ಗೊತ್ತಿದ್ದರೆ ಇನ್ನಷ್ಟು ಮಸಾಲೆ ಅರೆಯುತ್ತಿದ್ದರೇನೋ! ಬೆಲ್ಜಿಯಂನ ಕ್ರಿಸ್ಟಿಯಾನ್ ದ ದೂವ್ ಹೊರಟದ್ದು ಲೈಸೋಸೋಮ್ ಹುಡುಕಲು ಅಲ್ಲ. ಇನ್ಸುಲಿನ್ ಯಕೃತ್ತಿನ ಮೇಲೆ ಏನು ಮಾಡುತ್ತದೆ ಎಂದು ತಿಳಿಯಲು. 1949ರಲ್ಲಿ ಯಕೃತ್ತಿನ ಕೋಶಗಳನ್ನು ಅರೆದು ಕಿಣ್ವಗಳನ್ನು ಅಳೆಯುವಾಗ ಒಂದು ಕಿಣ್ವದ ಲೆಕ್ಕ ತಾಳೆಯಾಗಲಿಲ್ಲ, ಇರಬೇಕಾದ್ದಕ್ಕಿಂತ ತೀರಾ ಕಡಿಮೆ ಸಿಕ್ಕಿತು. ಅದೇ ಮಾದರಿಯನ್ನು ಕೆಲವು ದಿನ ಫ್ರಿಜ್‌ನಲ್ಲಿಟ್ಟು ಮತ್ತೆ ಅಳೆದರೆ ಕಿಣ್ವ ಏರಿತ್ತು. ಅಂದರೆ ಅದು ಯಾವುದೋ ಪೊರೆಯ ಚೀಲದೊಳಗೆ ಅಡಗಿತ್ತು, ಪೊರೆ ಹಳಸಿದ ಮೇಲೆ ಹೊರಬಂದಿತ್ತು. ಆ ಚೀಲಕ್ಕೆ 1955ರಲ್ಲಿ ಲೈಸೋಸೋಮ್ ಎಂದು ಹೆಸರಿಟ್ಟರು. ಆಟೋಫೇಜಿ ಎಂಬ ಹೆಸರೂ 1963ರಲ್ಲಿ ಅವರೇ ಇಟ್ಟದ್ದು. ಅವರಿಗೆ 1974ರಲ್ಲಿ ನೊಬೆಲ್ ಬಂತು. ಇನ್ಸುಲಿನ್‌ನ ಎದುರಾಳಿ ಹಾರ್ಮೋನಾದ ಗ್ಲೂಕಗಾನ್ ಕೊಟ್ಟರೆ ಇಲಿಯ ಯಕೃತ್ತಿನಲ್ಲಿ ಈ ಸ್ವಭಕ್ಷಣೆ ಹೆಚ್ಚುತ್ತದೆ ಎಂಬುದನ್ನು ಅರವತ್ತರ ದಶಕದಲ್ಲೇ ಕಂಡಿದ್ದರು.

ಮುಂದೆ ಮೂರು ದಶಕ ಈ ವಿಷಯವನ್ನು ಕೇಳುವವರು ಕಡಿಮೆ. ಕಣ್ಣಿಗೆ ಕಂಡಿದ್ದರೂ ಯಾವ ಜೀನ್‌ಗಳು ಇದನ್ನು ನಡೆಸುತ್ತವೆ ಎಂದು ಗೊತ್ತಿರಲಿಲ್ಲ. ಅದನ್ನು ಬಿಡಿಸಿದವರು ವಿಡಿಯೊದಲ್ಲಿ ಹೇಳಿದ ಜಪಾನಿನವರು, ಯೊಶಿನೊರಿ ಒಸುಮಿ. 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ಸಿಕ್ಕಾಗ ಅವರಿಗೆ ನಲವತ್ತು ದಾಟಿತ್ತು. ಅರಗಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ತೆಗೆದುಕೊಂಡು ಪೋಷಕಾಂಶ ಕೊಡದೆ ಕೆಡವಿದರು. ಕೆಲವೇ ತಾಸುಗಳಲ್ಲಿ ಅದರ ಒಳಕೋಣೆ ಕರಗದ ಚೀಲಗಳಿಂದ ತುಂಬಿಹೋಯಿತು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಾಣುವಷ್ಟು. ಹೀಗೆ ಚೀಲ ಕಟ್ಟಲಾಗದ ಯೀಸ್ಟ್‌ಗಳನ್ನು ಆರಿಸಿ 1993ರಲ್ಲಿ 15 ಜೀನ್‌ಗಳನ್ನು ಗುರುತಿಸಿದರು. ಅವೇ ಜೀನ್‌ಗಳ ಬಂಧುಗಳು ನಮ್ಮಲ್ಲೂ ಇವೆ ಎಂದು ತಿಳಿದದ್ದು ಆಮೇಲೆ. 2016ರ ನೊಬೆಲ್ ಒಬ್ಬರಿಗೇ ಬಂದದ್ದು ಈ ಕೆಲಸಕ್ಕೆ. ಒಸುಮಿ ಉಪವಾಸ ಕೆಡವಿದ್ದು ಯೀಸ್ಟನ್ನು. ಸಕ್ಕರೆ ಕಾಯಿಲೆಯವರನ್ನು ಹದಿನಾರು ತಾಸು ಹಸಿದಿಟ್ಟು ವಾಸಿ ಮಾಡಿದರೆಂದು ಯಾರಾದರೂ ಹೇಳಿದರೆ ಅವರು ಆ ಪ್ರಶಸ್ತಿಯ ಕಾರಣದ ಸಾಲನ್ನೇ ಓದಿಲ್ಲ.

ಈಗ ಬೀಟಾ ಕೋಶಕ್ಕೆ ಬರೋಣ. ಒಸುಮಿ ದಾರಿ ತೆರೆದ ಮೇಲೆ ಇಲಿಗಳಲ್ಲಿ ಬೇಕಾದ ಅಂಗದಲ್ಲಿ ಮಾತ್ರ ಈ ಜೀನ್‌ಗಳನ್ನು ತೆಗೆದು ನೋಡುವುದು ಸಾಧ್ಯವಾಯಿತು. 2008ರಲ್ಲಿ ಜಪಾನಿನ ಒಂದು ತಂಡ, ಕೊರಿಯಾದ ಒಂದು ತಂಡ ಬೇರೆ ಬೇರೆಯಾಗಿ ಒಂದೇ ಪ್ರಯೋಗ ಮಾಡಿದವು: ಎಟಿಜಿ-7 ಎಂಬ ಜೀನನ್ನು ಬೀಟಾ ಕೋಶಗಳಲ್ಲಿ ಮಾತ್ರ ಅಳಿಸಿದವು. ಫಲ ಎರಡೂ ಕಡೆ ಒಂದೇ. ಕೋಶಗಳಲ್ಲಿ ಕಸದ ಗಂಟುಗಳು ಕಟ್ಟಿದವು, ಮೈಟೋಕಾಂಡ್ರಿಯಗಳು ಊದಿದವು, ಬೀಟಾ ಕೋಶಗಳ ಒಟ್ಟು ರಾಶಿ ಕುಗ್ಗಿತು, ಸಕ್ಕರೆ ಕೊಟ್ಟಾಗ ಇನ್ಸುಲಿನ್ ಸಾಕಷ್ಟು ಬರಲಿಲ್ಲ. ನನಗೆ ಇದರಲ್ಲಿ ಮುಖ್ಯವೆನಿಸುವುದು ಇನ್ನೊಂದು ಭಾಗ. ಸಾಮಾನ್ಯ ಇಲಿಗೆ ಕೊಬ್ಬಿನ ತಿನಿಸು ತಿನ್ನಿಸಿದರೆ ಹೆಚ್ಚಿದ ಹೊರೆ ಹೊರಲು ಅದರ ಬೀಟಾ ಕೋಶಗಳ ರಾಶಿ ಬೆಳೆಯುತ್ತದೆ, ಕಸ ವಿಲೇವಾರಿಯೂ ಚುರುಕಾಗುತ್ತದೆ. ಎಟಿಜಿ-7 ಇಲ್ಲದ ಇಲಿಯಲ್ಲಿ ಆ ಹಿಗ್ಗುವಿಕೆ ಆಗಲೇ ಇಲ್ಲ. ಅಂದರೆ ಕಷ್ಟ ಬಂದಾಗ ಏಗುವ ಶಕ್ತಿಯೇ ಈ ಒಳಗಿನ ವಿಲೇವಾರಿಯ ಮೇಲೆ ನಿಂತಿದೆ.

ಇಲಿಗೂ ನಮಗೂ ಒಂದು ವ್ಯತ್ಯಾಸವಿದೆ, ಅದು ನಮ್ಮ ಪಾಲಿಗೆ ಒಳ್ಳೆಯದಲ್ಲ. ಬೀಟಾ ಕೋಶ ಇನ್ಸುಲಿನ್ ಜೊತೆಗೆ ಅಮೈಲಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಒಸರುತ್ತದೆ. ಇಲಿಯ ಅಮೈಲಿನ್ ಗಂಟು ಕಟ್ಟುವುದಿಲ್ಲ. ಮನುಷ್ಯನದು ಕಟ್ಟುತ್ತದೆ, ಕೋಶಕ್ಕೆ ವಿಷವಾಗುತ್ತದೆ. ಎರಡನೇ ಬಗೆಯ ಸಕ್ಕರೆ ಕಾಯಿಲೆಯಿದ್ದು ತೀರಿಕೊಂಡವರ ಕಿರುದ್ವೀಪಗಳಲ್ಲಿ ಈ ಗಂಟುಗಳು ಕಾಣುತ್ತವೆ. 2014ರಲ್ಲಿ ಮೂರು ತಂಡಗಳು ಮನುಷ್ಯರ ಅಮೈಲಿನ್ ಜೀನನ್ನು ಇಲಿಗೆ ಸೇರಿಸಿ, ಜೊತೆಗೆ ಆಟೋಫೇಜಿಯನ್ನೂ ನಿಲ್ಲಿಸಿ ನೋಡಿದವು. ಒಂದೊಂದೇ ಆದಾಗ ಹೇಗೋ ತಡೆದುಕೊಂಡಿದ್ದ ಇಲಿಗಳು ಎರಡೂ ಸೇರಿದಾಗ ಪೂರ್ಣ ಸಕ್ಕರೆ ಕಾಯಿಲೆಗೆ ಬಿದ್ದವು. ನಮ್ಮ ಬೀಟಾ ಕೋಶಗಳಲ್ಲಿ ಅಮೈಲಿನ್ ಗಂಟುಗಳನ್ನು ದಿನವೂ ಎತ್ತಿ ಹಾಕುತ್ತಿರುವುದು ಆಟೋಫೇಜಿಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಮನುಷ್ಯರಲ್ಲೇ ನೋಡಿದ್ದೂ ಉಂಟು. ಇಟಲಿಯ ಪೀಸಾದ ಸಂಶೋಧಕರು 2009ರಲ್ಲಿ, ಸಕ್ಕರೆ ಕಾಯಿಲೆಯಿದ್ದ ಅಂಗದಾನಿಗಳ ಬೀಟಾ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಸ ತುಂಬಿದ ಚೀಲಗಳು ಲೆಕ್ಕಕ್ಕಿಂತ ಹೆಚ್ಚಿದ್ದವು. ಚೀಲ ಹೆಚ್ಚಿದೆ ಎಂದರೆ ಶುದ್ಧಿ ಚೆನ್ನಾಗಿ ನಡೆದಿದೆ ಎಂದಲ್ಲ. ಕಸ ಮೂಟೆ ಕಟ್ಟಿದರೂ ಮುಂದಕ್ಕೆ ಸಾಗದೆ ನಿಂತಿದೆ. ಹೀಗೇಕೆ ಆಗುತ್ತದೆ? ರಕ್ತದಲ್ಲಿ ಸಕ್ಕರೆಯೂ ಕೊಬ್ಬಿನಾಮ್ಲವೂ ಬಹುಕಾಲ ಏರಿದ್ದರೆ ಲೈಸೋಸೋಮಿನ ಆಮ್ಲೀಯತೆ ಕುಂದುತ್ತದೆ, ಕಿಣ್ವಗಳು ಮಂಕಾಗುತ್ತವೆ. ಅದೇ ಅಧ್ಯಯನದಲ್ಲಿ ಈ ಕೋಶಗಳಿಗೆ ಮೆಟ್‌ಫಾರ್ಮಿನ್ ಹಾಕಿದಾಗ ಸ್ಥಿತಿ ತುಸು ಸುಧಾರಿಸಿತು. ನಿಮ್ಮ ತಂದೆಯವರ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಇರುವ ಸಾಧ್ಯತೆ ಬಹಳ. ಕೋಶ ಶುದ್ಧಿಗಾಗಿ ಅದನ್ನೇ ಬಿಡುತ್ತೇನೆ ಎನ್ನುತ್ತಿದ್ದಾರೆ, ನೋಡಿ.

ಸರಿ, ಹಸಿವಿನ ಮಾತೇನು? ಯೀಸ್ಟ್‌ನಲ್ಲಿ, ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ ಹಸಿವು ಆಟೋಫೇಜಿಯನ್ನು ಏರಿಸುತ್ತದೆ. ಬೀಟಾ ಕೋಶದಲ್ಲೂ ಅಷ್ಟೇ ಇರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. 2015ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನ ರೊಮಿಯೊ ರಿಚಿ ತಂಡ ಬೇರೆಯದನ್ನೇ ಕಂಡಿತು. ಕೆಲವು ತಾಸು ಹಸಿದಾಗ ಬೀಟಾ ಕೋಶ ಆಗಷ್ಟೇ ಮಾಡಿದ ಇನ್ಸುಲಿನ್ ಚೀಲಗಳನ್ನು ನೇರ ಲೈಸೋಸೋಮಿಗೆ ಒಪ್ಪಿಸುತ್ತದೆ. ಅಲ್ಲಿ ಬಿಡುಗಡೆಯಾದ ಅಮೈನೊ ಆಮ್ಲಗಳು ‘ಊಟ ಸಿಕ್ಕಿದೆ’ ಎಂಬ ಸುಳಿವು ಕೊಡುತ್ತವೆ. ಆಟೋಫೇಜಿ ಏರುವ ಬದಲು ತಗ್ಗುತ್ತದೆ. ಯಾಕೆ ಹೀಗೆ ಎಂದು ಯೋಚಿಸಿದರೆ ಅರ್ಥವಾಗುತ್ತದೆ. ಹಸಿದ ಮೈಯಲ್ಲಿ ಇನ್ಸುಲಿನ್ ಹೊರಬಂದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು. ಹಸಿದ ಬೀಟಾ ಕೋಶಗಳಲ್ಲಿ ಬಲವಂತವಾಗಿ ಆಟೋಫೇಜಿ ಏರಿಸಿದಾಗ ಇನ್ಸುಲಿನ್ ಹೊರಬೀಳುವುದು ಹೆಚ್ಚಿತು ಕೂಡ. ಹಾಗಾಗಿ ಹಸಿವಿನ ಹೊತ್ತಿನಲ್ಲಿ ಈ ಕೋಶಕ್ಕೆ ಬೇರೆ ಅಂಗಗಳ ಕಾನೂನು ಅನ್ವಯಿಸುವುದಿಲ್ಲ.

ಹಾಗೆಂದು ಎದುರು ಪಕ್ಷಕ್ಕೆ ಸಾಕ್ಷಿಯೇ ಇಲ್ಲ ಎನ್ನಲಾರೆ. 2017ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅಭಿನವ್ ದಿವಾನ್ ಅವರ ತಂಡ, ಕೊಬ್ಬಿನ ತಿನಿಸು ತಿಂದು ದಪ್ಪಗಾದ ಇಲಿಗಳಿಗೆ ದಿನ ಬಿಟ್ಟು ದಿನ ಉಪವಾಸ ಮಾಡಿಸಿತು. ವಾರಗಳ ಮೇಲೆ ಬೀಟಾ ಕೋಶಗಳ ರಾಶಿ ಉಳಿಯಿತು, ಸಕ್ಕರೆ ಸುಧಾರಿಸಿತು. ಲೈಸೋಸೋಮ್ ದಾರಿ ಕೆಡಿಸಿದ ಇಲಿಗಳಲ್ಲಿ ಆ ಲಾಭ ಸಿಗಲಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದ ವಾಲ್ಟರ್ ಲಾಂಗೊ ತಂಡ, ಉಪವಾಸವನ್ನು ಹೋಲುವ ಅಲ್ಪಾಹಾರವನ್ನು ಇಲಿಗಳಿಗೆ ಸರದಿಯಂತೆ ಕೊಟ್ಟಾಗ ಹೊಸ ಬೀಟಾ ಕೋಶಗಳು ಹುಟ್ಟಿದವು ಎಂದು ವರದಿ ಮಾಡಿತು. ‘ಮೇದೋಜೀರಕ ಹೊಸದಾಗುತ್ತದೆ’ ಎಂಬ ಪ್ರಚಾರದ ಬೇರು ಬಹುಶಃ ಇಲ್ಲಿದೆ. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಎರಡೂ ಇಲಿಗಳಲ್ಲಿ. ಇಲಿಯ ಮೈ ನಮ್ಮದಕ್ಕಿಂತ ಬಹಳ ವೇಗವಾಗಿ ಉರಿಯುತ್ತದೆ. ಒಂದೇ ದಿನ ಕೂಳಿಲ್ಲದಿದ್ದರೆ ಅದರ ತೂಕ ಎದ್ದು ಕಾಣುವಷ್ಟು ಇಳಿಯುತ್ತದೆ. ಇಲಿಯ ಒಂದು ದಿನವನ್ನು ನಮ್ಮ ಹದಿನಾರು ತಾಸಿಗೆ ಸಮ ಮಾಡುವ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಹದಿನಾರು ಎಂಬ ಅಂಕಿಗೆ ಮನುಷ್ಯರ ಬೀಟಾ ಕೋಶದಲ್ಲಿ ಯಾವ ವಿಶೇಷವೂ ಕಂಡಿಲ್ಲ. ರಕ್ತ ಕೊಟ್ಟು ‘ನನ್ನ ಮೇದೋಜೀರಕದಲ್ಲಿ ಆಟೋಫೇಜಿ ಎಷ್ಟಿದೆ’ ಎಂದು ತಿಳಿಯುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ. ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಪಾಕೀಟು ಗಟ್ಟಿಯಾಗಿ ಹಿಡಿದುಕೊಳ್ಳಿ.

ಆಟೋಫೇಜಿ ಏರಿದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಸಿರೊಲಿಮಸ್ ಎಂಬ ಔಷಧವಿದೆ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು, ಭಾರತೀಯ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್ ಅದನ್ನು ಬೆಳಕಿಗೆ ತಂದವರು. ಪ್ರಯೋಗಾಲಯದಲ್ಲಿ ಆಟೋಫೇಜಿ ಏರಿಸಬೇಕಾದರೆ ಮೊದಲು ಕೈಹಾಕುವುದು ಇದಕ್ಕೇ. ಆದರೆ ಮೂತ್ರಪಿಂಡ ಕಸಿಯಾದವರಿಗೆ ಇದನ್ನು ಕೊಟ್ಟಾಗ ಹೊಸದಾಗಿ ಸಕ್ಕರೆ ಕಾಯಿಲೆ ಬರುವ ಅಪಾಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ತದ್ವಿರುದ್ಧವಾಗಿ ಹೈಡ್ರಾಕ್ಸಿಕ್ಲೋರೋಕ್ವಿನ್ ಲೈಸೋಸೋಮಿನ ಆಮ್ಲ ತಗ್ಗಿಸಿ ಆಟೋಫೇಜಿಗೆ ಅಡ್ಡಗಾಲು ಹಾಕುತ್ತದೆ. ಅದು ಸಕ್ಕರೆ ಇಳಿಸುವ ಹೆಚ್ಚುವರಿ ಔಷಧವಾಗಿ ನಮ್ಮ ದೇಶದಲ್ಲಿ ಅನುಮತಿ ಪಡೆದಿದೆ! ಕೆಲಸ ಮುಗಿಸಿದ ಇನ್ಸುಲಿನ್ ಬೇಗ ನಾಶವಾಗದಂತೆ ತಡೆಯುವುದು ಅದು ಸಕ್ಕರೆ ಇಳಿಸುವ ಒಂದು ಬಗೆ. ಜೀವಶಾಸ್ತ್ರ ವಿಡಿಯೊಗಳಷ್ಟು ಸಲೀಸಾಗಿಲ್ಲ ಎಂಬುದಕ್ಕೆ ಈ ಎರಡು ಔಷಧಗಳೇ ಸಾಕು.

ನಮ್ಮ ರಾಜ್ಯದಲ್ಲಿ ಈ ಬಗ್ಗೆ ಏನು ನಡೆದಿದೆ ಎಂದು ಕೆಲವರಿಗೆ ಕುತೂಹಲವಿರಬಹುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ನೇತೃತ್ವದ ಆಟೋಫೇಜಿ ಪ್ರಯೋಗಾಲಯವೇ ಇದೆ. ಒಸುಮಿಯಂತೆ ಇವರ ಕೆಲಸದ ಬುನಾದಿಯೂ ಯೀಸ್ಟ್. ಮನುಷ್ಯರ ನರಕೋಶದಲ್ಲಿ ಗಂಟು ಕಟ್ಟುವ ಪ್ರೋಟೀನನ್ನು ಯೀಸ್ಟಿಗೆ ಸೇರಿಸಿ, ಯಾವ ರಾಸಾಯನಿಕ ಹಾಕಿದರೆ ಯೀಸ್ಟ್ ಆ ಗಂಟನ್ನು ಅರಗಿಸಿ ಬದುಕುತ್ತದೆ ಎಂದು ಸೋಸಿದರು. ಹಾಗೆ ಸಿಕ್ಕ ಒಂದು ರಾಸಾಯನಿಕ, ಪಾರ್ಕಿನ್ಸನ್ ಕಾಯಿಲೆ ತರಿಸಿದ ಇಲಿಗಳಲ್ಲೂ ಕೆಲಸ ಮಾಡಿತು ಎಂದು 2017ರಲ್ಲಿ ಪ್ರಕಟಿಸಿದರು. ಅವರ ವಿಷಯ ಮಿದುಳು, ಮೇದೋಜೀರಕವಲ್ಲ. ಆದರೆ ಕೂಡಿಬಿದ್ದ ಪ್ರೋಟೀನ್ ಗಂಟಿನ ಸಮಸ್ಯೆ ನರಕೋಶದ್ದೂ ಬೀಟಾ ಕೋಶದ್ದೂ ಒಂದೇ ಬಗೆಯದು. ಎರಡೂ ದೀರ್ಘಕಾಲ ಬದುಕುವ, ಬದಲಿಯಿಲ್ಲದ ಕೋಶಗಳು.

ಬೀಟಾ ಕೋಶದ ಬಗ್ಗೆಯೇ ಹೇಳಬೇಕೆಂದರೆ ಮೈಸೂರಿನ ಕೆಲಸ ದೊಡ್ಡದು. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಜನ ಈಗಲೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಎಲ್ಲ ಬರೆದಿಟ್ಟಿತ್ತು. ಅರ್ಧ ಶತಮಾನದ ನಂತರ ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿನ ಸಂಶೋಧಕರು ಆ ಕೂಸುಗಳನ್ನು, ಅಷ್ಟರಲ್ಲಿ ನಲವತ್ತು ಐವತ್ತು ದಾಟಿದವರನ್ನು, ಹುಡುಕಿ ಸಕ್ಕರೆ ಪರೀಕ್ಷೆ ಮಾಡಿದರು. 1998ರಲ್ಲಿ ಪ್ರಕಟವಾದ ಆ ವರದಿ ಪ್ರಕಾರ, ಹುಟ್ಟಿದಾಗ ಉದ್ದ ಕಡಿಮೆಯಿದ್ದು ಗುಂಡಗಿದ್ದವರಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು. ಸಕ್ಕರೆ ಕುಡಿಸಿದಾಗ ಇನ್ಸುಲಿನ್ ಏರುವುದೂ ಅಂಥವರಲ್ಲಿ ಕಡಿಮೆ. ಅಂದರೆ ಬೀಟಾ ಕೋಶಗಳ ಬಂಡವಾಳ ಬಸಿರಲ್ಲೇ ಸ್ವಲ್ಪ ಮಟ್ಟಿಗೆ ನಿಗದಿಯಾಗುತ್ತದೆ. ಬಂಡವಾಳ ಸಣ್ಣದಿದ್ದವರಿಗೆ ಇದ್ದುದನ್ನು ಜೋಪಾನ ಮಾಡುವುದು ಇನ್ನಷ್ಟು ಮುಖ್ಯ ಎಂಬುದು ನನ್ನ ತರ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ ಶೇಕಡಾ 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ.

ಇನ್ನು ನಿಮ್ಮ ತಂದೆಯವರ ವಿಷಯ. ಶುಗರ್ ಹಿಮ್ಮೆಟ್ಟಿದ ಉದಾಹರಣೆಯೇ ಇಲ್ಲವೇ ಎಂದು ಅವರು ಕೇಳಬಹುದು. ಇದೆ. ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಮೈಕ್ ಲೀನ್ ನಡೆಸಿದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ ಕೊಟ್ಟು ತೂಕ ಇಳಿಸಿದರು. ವರ್ಷದ ಕೊನೆಗೆ ಶೇಕಡಾ 46 ಮಂದಿಯ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಯಲ್ಲಿತ್ತು, ಎರಡು ವರ್ಷಕ್ಕೆ ಶೇಕಡಾ 36. ಹದಿನೈದು ಕಿಲೊ ಅಥವಾ ಹೆಚ್ಚು ಇಳಿಸಿದವರಲ್ಲಿ ಮೊದಲ ವರ್ಷದ ಫಲ ಶೇಕಡಾ 86. ಯಕೃತ್ತು, ಮೇದೋಜೀರಕಗಳಲ್ಲಿ ಸೇರಿದ್ದ ಕೊಬ್ಬು ಕರಗಿ, ಸುಸ್ತಾಗಿ ತಮ್ಮ ಕೆಲಸವನ್ನೇ ಮರೆತಿದ್ದ ಬೀಟಾ ಕೋಶಗಳು ಮತ್ತೆ ದುಡಿಯತೊಡಗಿದವು ಎಂಬುದು ಟೇಲರ್ ಅವರ ವಿವರಣೆ. ಹೊಸ ಕೋಶ ಹುಟ್ಟಿತೆಂದು ಅವರು ಹೇಳಿಲ್ಲ. ಆದರೆ ಷರತ್ತುಗಳನ್ನು ಗಮನಿಸಿ: ಆ ಜನ ದಪ್ಪಗಿದ್ದವರು, ಇನ್ಸುಲಿನ್ ಚುಚ್ಚಿಕೊಳ್ಳದವರು, ಕಾಯಿಲೆ ಪತ್ತೆಯಾಗಿ ಆರು ವರ್ಷ ದಾಟದವರು. ಮಾತ್ರೆ ನಿಲ್ಲಿಸಿದ್ದು ವೈದ್ಯರು, ಉದ್ದಕ್ಕೂ ನಿಗಾ ಇಟ್ಟು. ಏಳೆಂಟು ವರ್ಷದ ಶುಗರ್ ಇರುವ, ಬಹುಶಃ ಅಷ್ಟು ದಪ್ಪಗಿಲ್ಲದ ನಿಮ್ಮ ತಂದೆಯವರಿಗೆ ಇದೇ ಫಲ ಸಿಕ್ಕೀತು ಎಂದು ಹೇಳಲಾರೆ. ಹೊಸದಾಗಿ ಶುಗರ್ ಪತ್ತೆಯಾದ ದಪ್ಪ ಮೈಯವರು ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಅವರು ಡಾಕ್ಟರ ಹತ್ತಿರ ಈ ಮಾತು ಎತ್ತುವುದು ಒಳ್ಳೆಯದು.

ಶ್ರಾವಣದ ಒಪ್ಪತ್ತಿಗೆ ನಾನು ವಿರೋಧಿಯಲ್ಲ. ಅದು ಅವರ ಭಕ್ತಿ. ಅಪಾಯ ಎಲ್ಲಿದೆ ಎಂಬುದನ್ನಷ್ಟೇ ತಿಳಿದಿರಲಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು: ಬೆವರು, ಕೈ ನಡುಕ, ಕಣ್ಣು ಮಂಜು, ತೊದಲು ಮಾತು. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಡಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುತ್ತಾ ಕಡು ಉಪವಾಸ ಮಾಡಿದರೆ ರಕ್ತದಲ್ಲಿ ಕೀಟೋನ್ ಏರಿ ಜೀವಕ್ಕೆ ಅಪಾಯವಾದೀತು. ಆಗ ಸಕ್ಕರೆ ಅಷ್ಟೇನೂ ಏರಿರುವುದಿಲ್ಲ, ಮೀಟರ್ ನೋಡಿ ಮೋಸ ಹೋಗುತ್ತಾರೆ. ಎಲ್ಲ ಮಾತ್ರೆ ಬಿಟ್ಟರೆ ಇನ್ನೊಂದು ತೊಂದರೆ, ಸಕ್ಕರೆ ಏರುತ್ತದೆ; ಏರಿದ ಸಕ್ಕರೆಯೇ ಲೈಸೋಸೋಮನ್ನು ಮಂಕು ಮಾಡುವುದು ಎಂದು ಮೇಲೆ ಹೇಳಿದ್ದೇನೆ. ಇನ್ನು ಉಪವಾಸದ ಫಳಾರ! ಸಾಬುದಾಣಿ ಉಸುಳಿ, ಬಾಳೆಹಣ್ಣು, ಬೆಲ್ಲದ ಶೇಂಗಾ ಉಂಡಿ. ಸಾಬುದಾಣಿ ಎಂಬುದು ಹೆಚ್ಚುಕಡಿಮೆ ಬರೀ ಪಿಷ್ಟ, ಅದಕ್ಕಿಂತ ಎರಡು ಜೋಳದ ರೊಟ್ಟಿ, ಮೆಂತೆ ಪಲ್ಯ, ಹೆಸರುಕಾಳು ವಾಸಿ. ಜೋಳವೂ ಪಿಷ್ಟವೇ, ಐದಾರು ರೊಟ್ಟಿ ತಿಂದರೆ ಜೋಳದ ಪುಣ್ಯವೇನೂ ಉಳಿಯುವುದಿಲ್ಲ.

ಅಪ್ಪನಿಗೆ ಕೋಶ ಶುದ್ಧಿಯ ಆಸೆ ಹುಟ್ಟಿದ್ದರೆ ಅದನ್ನು ಕೆಡಿಸಬೇಡಿ, ದಾರಿ ಬದಲಿಸಿ. ಅಮೆರಿಕದ ಬೆತ್ ಲೆವಿನ್ ತಂಡ 2012ರಲ್ಲಿ ಇಲಿಗಳನ್ನು ಓಡಿಸಿ ನೋಡಿದಾಗ ಸ್ನಾಯುಗಳಲ್ಲೂ ಮೇದೋಜೀರಕದಲ್ಲೂ ಆಟೋಫೇಜಿ ಏರಿತು. ವ್ಯಾಯಾಮಕ್ಕೆ ಆಟೋಫೇಜಿ ಏರದಂತೆ ಜೀನ್ ತಿದ್ದಿದ ಇಲಿಗಳಿಗೆ ಓಟದಿಂದ ಸಕ್ಕರೆಯ ಲಾಭವೂ ಸಿಗಲಿಲ್ಲ. ಇದೂ ಇಲಿಯ ಕಥೆಯೇ. ಆದರೆ ನಡಿಗೆಯಿಂದ ಮನುಷ್ಯರ ಸಕ್ಕರೆ ಇಳಿಯುವುದಕ್ಕೆ ಬೇರೆ ಬೇಕಾದಷ್ಟು ಪುರಾವೆಯಿದೆ. ಮಾತ್ರೆ ಬಿಡದೆ, ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆದರೆ ಕಳೆದುಕೊಳ್ಳುವುದೇನೂ ಇಲ್ಲ. ಊಟವಾದ ಮೇಲೆ ಹತ್ತು ನಿಮಿಷವಾದರೂ ಸರಿ, ಸ್ಟೇಷನ್ ಕಡೆ ಹೋಗಿ ಬರಲಿ.

ಕೊಪ್ಪಳ, ಗಂಗಾವತಿ ಸೀಮೆಯಲ್ಲಿ ರಂಜಾನ್ ಬಂತೆಂದರೆ ಶುಗರ್ ಇರುವ ಮುಸ್ಲಿಂ ಬಂಧುಗಳಲ್ಲಿ ತಿಳಿದವರು ರೋಜಾ ಹಿಡಿಯುವ ಮುಂಚೆಯೇ ಡಾಕ್ಟರನ್ನು ಕಂಡು ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳುತ್ತಾರೆ. ಶ್ರಾವಣಕ್ಕೂ ಹಾಗೇ ಮಾಡಬಹುದು, ಮಾಡಬೇಕು. ಅಪ್ಪ ನುಂಗುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು, ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ವರದಿಯೊಂದಿಗೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೋ ಶ್ರಾವಣಕ್ಕೆ ಎರಡು ವಾರ ಮುಂಚೆ ಕರೆದುಕೊಂಡು ಹೋಗಿ. ನಿಮಗೂ ಮೂವತ್ತು ದಾಟಿದ್ದರೆ ಅದೇ ದಿನ ನಿಮ್ಮ ಸಕ್ಕರೆಯನ್ನೂ ನೋಡಿಸಿಕೊಳ್ಳಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆ ತಪಾಸಣೆಗೆ ದುಡ್ಡಿಲ್ಲ.